ಹೊಟ್ಟಿನ ಚೀಲಗಳ ಜೊತೆಗಾರರ ಪರವಾಗಿ, ನಮ್ಮ ಕ್ರಾಸಿನ ಫಲಕಕ್ಕೆ

ಮಾನ್ಯ ಎಚ್ಚರಿಕೆ ಫಲಕದವರೇ,

ಅಳವಂಡಿ ರಸ್ತೆಯಿಂದ ನಮ್ಮೂರಿಗೆ ತಿರುಗುವ ಕ್ರಾಸಿನಲ್ಲಿ, ಎರಡು ಕಬ್ಬಿಣದ ಕಾಲುಗಳ ಮೇಲೆ, ಹಗಲು ಕೂರದೆ ಇರುಳು ಮಲಗದೆ ನಿಂತು, "ಸರಕು ವಾಹನಗಳಲ್ಲಿ ಪ್ರಯಾಣಿಕರನ್ನು ಸಾಗಿಸುವುದು ಶಿಕ್ಷಾರ್ಹ ಅಪರಾಧ" ಎಂಬ ಒಂದೇ ವಾಕ್ಯವನ್ನು ಹೋಗುವವರಿಗೂ ಬರುವವರಿಗೂ ಬೇಸರವಿಲ್ಲದೆ ಹೇಳುತ್ತಿರುವ ತಮ್ಮ ಪಾದಗಳಿಗೆ, ಅಂದರೆ ಸಿಮೆಂಟಿನಲ್ಲಿ ಹೂತಿರುವ ಆ ಎರಡು ಕೊಳವೆಗಳಿಗೆ, ಮಹೇಶ್ವರಿ ಎಂಬ ನಾನು ತಲೆಬಾಗಿ ನಮಸ್ಕರಿಸುತ್ತೇನೆ. ತಮ್ಮ ಬಣ್ಣ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಕ್ಷೇಮದ ವಿಚಾರ ತಮಗೆ ತಿಳಿದೇ ಇದೆ, ಏಕೆಂದರೆ ತಾವು ನಿಂತಿರುವುದೇ ಅದಕ್ಕಾಗಿ.

ದೂರು ಹೇಳುವ ಮೊದಲು, ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಒಂದು ಮಾತನ್ನು ತಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ. ನನಗೆ ಲಾರಿಯ ಹಿಂಭಾಗವೆಂದರೆ ಬಹಳ ಇಷ್ಟ. ಬೇರೆ ದಾರಿಯಿಲ್ಲದೆ ಹತ್ತುತ್ತೇನೆ ಎಂದು ಮನೆಯವರೂ ಊರಿನವರೂ ನನ್ನ ಬಗ್ಗೆ ಮರುಗುತ್ತಾರೆ. ಬಸ್ಸಿಲ್ಲದ್ದಕ್ಕೆ ಈ ಹುಡುಗಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟಳು ಎಂದು ಮಾತಿಗೆ ಸಿಕ್ಕವರಿಗೆಲ್ಲ ಹೇಳುತ್ತಾರೆ. ಯಾರೂ ನನ್ನನ್ನೇ ಕೇಳದಿದ್ದರಿಂದ ನಾನು ಸುಳ್ಳು ಹೇಳಿದ್ದಿಲ್ಲ, ಸುಮ್ಮನಿದ್ದೆ ಅಷ್ಟೆ. ನಿಜವೇನೆಂದರೆ, ಶಾಲೆಯ ಬೆಂಚು ಎಷ್ಟು ಹೊತ್ತು ಕೂತರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಲಾರಿಯ ಹಲಗೆ ಹೋಗುತ್ತಿತ್ತು. ಬೆಳಗಿನ ಗಾಳಿಗೆ ಮುಖವೊಡ್ಡಿ ನಿಂತು, ಕೊಪ್ಪಳದ ಗುಡ್ಡಗಳು ಒಂದರ ಹಿಂದೆ ಒಂದು ಸರಿಯುವುದನ್ನು ನೋಡುವಾಗ, ನಾನು ಅಪರಾಧ ಮಾಡುತ್ತಿದ್ದೇನೆ ಎಂಬ ಅರಿವು ಒಂದು ದಿನವೂ ನನಗೆ ಬಂದಿಲ್ಲ. ಆದ್ದರಿಂದ ನನ್ನ ಶಾಲೆಯ ವಿಷಯದಲ್ಲಿ ತಾವು ನಿರಪರಾಧಿ. ತಮ್ಮ ವಾಕ್ಯವನ್ನು ಓದುವಷ್ಟು ಓದು ನನಗೆ ಬಂದಿರುವುದಕ್ಕೆ ಆ ಬೆಂಚಿಗೂ ಕೃತಜ್ಞಳಾಗಿದ್ದೇನೆ.

ತಾವು ನಮಗೆ ಮಾಡಿರುವ ಉಪಕಾರಗಳನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ತಾವು ಬರುವ ಮೊದಲು ನಮ್ಮ ಕ್ರಾಸಿಗೆ ಒಂದು ಗುರುತೇ ಇರಲಿಲ್ಲ. ಭತ್ತದ ನಾಟಿಗೆ ಗಂಗಾವತಿ ಕಡೆಯ ಕ್ಯಾಂಪುಗಳಿಗೆ, ಅಂದರೆ ಕಾಲುವೆ ಬಯಲಿನ ವಲಸೆ ಊರುಗಳಿಗೆ, ಹೋಗುವ ನಮ್ಮ ಗುಂಪಿನ ಹೆಂಗಸರು ಒಬ್ಬರು ಬೇವಿನ ಗಿಡದ ಹತ್ತಿರ, ಇನ್ನೊಬ್ಬರು ಮೋರಿಯ ಹತ್ತಿರ ನಿಂತಿರುತ್ತಿದ್ದರು, ಮಿನಿ ಲಾರಿಯ ಉಮರಸಾಬರು ಎಲ್ಲರನ್ನೂ ಕೂಗಿ ಕೂಡಿಸಬೇಕಾಗುತ್ತಿತ್ತು. ತಮ್ಮನ್ನು ನಿಲ್ಲಿಸಲು ಬಂದವರು ನೆಲ ಸಮ ಮಾಡಿ, ಜಾಲಿ ಕಡಿದು, ಗರಸು ಹಾಕಿ ಹೋದ ಮೇಲೆ, ಲಾರಿ ನಿಲ್ಲಲು ಅದಕ್ಕಿಂತ ಅನುಕೂಲದ ಜಾಗ ಈ ರಸ್ತೆಯಲ್ಲೇ ಇಲ್ಲವಾಯಿತು. ಈಗ ನಮ್ಮ ಗುಂಪಿನ ಮುಖ್ಯಸ್ಥೆ ಶೇಖರಮ್ಮ ಮೊಬೈಲಿನಲ್ಲಿ "ಎಲ್ಲಾರೂ ಬೋರ್ಡ್ ಬುಡಕ ಬರ್ರಿ" ಎಂದಷ್ಟೇ ಹೇಳಿದರೆ ಸಾಕು. ತಮ್ಮ ಬೆನ್ನಿಗೆ ಆತುಕೊಂಡು ಗಾಳಿ ಮರೆ ಮಾಡಿಕೊಳ್ಳುತ್ತೇವೆ, ತಮ್ಮ ಕಾಲಿಗೆ ಬುತ್ತಿಯ ಚೀಲ ಒರಗಿಸುತ್ತೇವೆ, ಉಮರಸಾಬರು ಬಂದೊಡನೆ ತಮ್ಮ ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದು ಲಾರಿ ಹತ್ತುತ್ತೇವೆ. ಸರಕು ವಾಹನ ಹತ್ತುವವರಿಗೆ ಇಷ್ಟು ನೆರವಾಗುವ ಇನ್ನೊಂದು ಫಲಕ ಕುಷ್ಟಗಿಯಲ್ಲಾಗಲಿ ಯಲಬುರ್ಗಾದಲ್ಲಾಗಲಿ ಇದ್ದಂತೆ ಕೇಳಿಲ್ಲ.

ಇನ್ನು ನಮ್ಮ ದೊಡ್ಡವ್ವ ಗಾಳೆಮ್ಮನ ವಿಷಯ. ಹೆತ್ತವಳು ನನ್ನನ್ನು ಕೂಸಿನಲ್ಲೇ ಬಿಟ್ಟು ತೀರಿಕೊಂಡಾಗ ಎತ್ತಿಕೊಂಡು ಸಾಕಿದವಳು ಅವಳ ಅಕ್ಕ, ಈ ಗಾಳೆಮ್ಮ. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಯಲಬುರ್ಗಾಕ್ಕೆ ಹೊರಟ ಮದುವೆ ದಿಬ್ಬಣದ ಲಾರಿ ಹಳ್ಳದ ತಿರುವಿನಲ್ಲಿ ಮಗ್ಗುಲಾಗಿ, ದೊಡ್ಡವ್ವನ ಎಡಗಾಲು ಲಾರಿಯ ಪಕ್ಕದ ಹಲಗೆಯ ಕೆಳಗೆ ಸಿಕ್ಕಿತು. ಅಂದಿನಿಂದ ಅವಳು ಕುಂಟುತ್ತಾಳೆ. ತಮ್ಮ ವಾಕ್ಯ ಸುಳ್ಳೆಂದು ನಾನು ವಾದಿಸಲಾರೆ. ನಮ್ಮ ಮನೆಯಲ್ಲಿ ಅದು ಪ್ರತಿದಿನ ಬಚ್ಚಲಿಗೂ ಒಲೆಗೂ ನಡುವೆ ಕುಂಟುತ್ತಾ ಓಡಾಡುತ್ತದೆ.

ಆ ಅಪಘಾತದ ಪರಿಹಾರದ ಕೇಸು ವರ್ಷಗಟ್ಟಲೆ ಎಳೆದು ಕೊನೆಗೆ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ, ವಿಮೆಯವರ ವಕೀಲರು ದೊಡ್ಡವ್ವನನ್ನು ಬಹಳ ಸೌಜನ್ಯದಿಂದ ವಿಚಾರಿಸಿದರಂತೆ. ಕಾನೂನಿನ ಪ್ರಕಾರ ಸರಕಿನ ಲಾರಿಯಲ್ಲಿ ಡ್ರೈವರ್ ಇರಬಹುದು, ಸರಕು ಏರಿಸಿ ಇಳಿಸುವ ಹಮಾಲರು ಇರಬಹುದು, ಸರಕಿನ ಮಾಲೀಕರು ಇರಬಹುದು. ತಾವು ಇವರಲ್ಲಿ ಯಾರು ಎಂದು ಕೇಳಿದರು. ದೊಡ್ಡವ್ವ "ನಾ ಗಾಳೆಮ್ಮರೀ" ಎಂದಳು. ಅಂಥ ಒಂದು ವರ್ಗ ಕಾನೂನಿನಲ್ಲಿ ಇಲ್ಲದ್ದರಿಂದ ಕೇಸು ಅಲ್ಲಿಗೇ ಮುಗಿಯಿತು.

ಅವಳು ಕೋರ್ಟಿನಿಂದ ತಂದದ್ದು ಒಂದೇ ಒಂದು ತಿಳಿವಳಿಕೆ: ಸರಕಿದ್ದವರಿಗೆ ಮಾತ್ರ ಲಾರಿಯಲ್ಲಿ ಹೆಸರಿರುತ್ತದೆ. ಕೇಸು ಮುಗಿದ ಮೇಲೆ ಮೊದಲ ಸಲ ನಾಟಿಗೆ ಹೊರಟ ದಿನ, ಅವಳು ಹಿತ್ತಲಿನ ಬಣವೆಯಿಂದ ಒಂದು ಚೀಲ ಶೇಂಗಾ ಹೊಟ್ಟು ತುಂಬಿ, ಬಾಯಿ ಹೊಲಿದು, ಲಾರಿಗೆ ಏರಿಸಿದಳು. ಉಮರಸಾಬರು "ಇದೇನವಾ ಗಾಳೆಮ್ಮಾ, ಗದ್ದಿ ಕೆಸರಿಗೆ ಹೊಟ್ಟು ಯಾಕ?" ಎಂದು ಕೇಳಿದರೆ, "ಕೆಸರಿಗಲ್ಲೋ ಸಾಬಾ, ಕೋರ್ಟಿಗೆ. ನಾಳೆ ಗಾಡಿ ಪಲ್ಟಿ ಆದ್ರ ನಾನೂ ಮಾಲೀಕಳೇ" ಎಂದಳು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಶೇಖರಮ್ಮ ಒಂದು ಚೀಲ ತಂದಳು. ಆಮೇಲೆ ಎಲ್ಲರೂ ತಂದರು. ನನ್ನ ಚೀಲವನ್ನು ದೊಡ್ಡವ್ವನೇ ಹೊಲಿದುಕೊಟ್ಟಳು.

ಮಾನ್ಯರೇ, ಹೀಗೆ ಎರಡು ನಾಟಿ ಹಂಗಾಮಿನಿಂದ ನಮ್ಮ ಹೊಟ್ಟಿನ ಚೀಲಗಳು ಪ್ರತಿ ಬೆಳಿಗ್ಗೆ ಗಂಗಾವತಿ ಕಡೆ ಹೋಗಿ, ದಿನವಿಡೀ ಗದ್ದೆಯ ಬದುವಿನ ಮೇಲೆ ನೆರಳಲ್ಲಿ ವಿಶ್ರಾಂತಿ ಪಡೆದು, ಸಂಜೆ ಮರಳಿ ಬಂದಿವೆ. ಪ್ರಯಾಣ ಮಾಡುತ್ತಿದ್ದುದು ಅವು. ನಾವು ಅವುಗಳ ಜೊತೆಗಾರರು. ಕೂರಲು ಮೆತ್ತಗಿರುವುದರಿಂದ ನಾವು ಅವುಗಳ ಮೇಲೆ ಕೂರುತ್ತಿದ್ದೆವು ಎಂಬುದನ್ನು ಮಾತ್ರ ಯಾವ ಸರಕಿನ ಮಾಲೀಕರೂ ಮಾಡದ ಕೆಲಸವೆಂದು ಒಪ್ಪಿಕೊಳ್ಳುತ್ತೇನೆ. ದೊಡ್ಡವ್ವ ತನ್ನ ಚೀಲವನ್ನು ನಟ್ಟನಡುವೆ ಇಟ್ಟು, ಅಡ್ಡ ಕಟ್ಟಿದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಕೂರುತ್ತಾಳೆ. ಲಾರಿ ನಿಂತ ಮೇಲೂ ಆ ಹಿಡಿತ ಬಿಡುವುದಿಲ್ಲ. ನಾನು ಒಂದೊಂದೇ ಬೆರಳನ್ನು ಬಿಡಿಸಿ ಅವಳನ್ನು ಇಳಿಸುತ್ತೇನೆ. ನನಗೆ ಲಾರಿ ಇಷ್ಟವೆಂಬ ಮಾತನ್ನು ಮುಚ್ಚಿಟ್ಟದ್ದು ಏಕೆಂದು ತಮಗೀಗ ತಿಳಿದಿರಬಹುದು. ಆ ಬೆರಳುಗಳನ್ನು ಬಿಡಿಸುತ್ತಾ ಅದನ್ನು ಹೇಳುವುದು ಕಷ್ಟ.

ಈ ಹಂಗಾಮಿನ ಆರಂಭದಲ್ಲಿ, ಕೊಪ್ಪಳ ದಾಟಿದ ಮೇಲೆ, ತಮ್ಮ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದ ಒಬ್ಬ ಪೊಲೀಸ್ ಸಾಹೇಬರು ನಮ್ಮ ಲಾರಿಗೆ ಕೈ ಅಡ್ಡ ಹಿಡಿದರು. ಯಾರ ಮಾಲು ಇದು ಎಂದು ಕೇಳಿದರು. ಶೇಖರಮ್ಮ ಸೆರಗು ಸರಿಮಾಡಿಕೊಂಡು, "ನಮ್ದರೀ ಸಾಹೇಬ್ರ, ಹೊಟ್ಟು. ಕ್ಯಾಂಪಿಗೆ ಮಾರಾಕ ಒಯ್ಯಾಕತ್ತೀವಿ" ಎಂದಳು. ಸಾಹೇಬರು ಎಲ್ಲರ ಮುಖ ನೋಡಿದರು, ಅವರ ಕಣ್ಣು ನನ್ನ ಮುಖದ ಮೇಲೆ ನಿಂತಿತು. ನನ್ನ ಮುಖದಲ್ಲಿ ಅಂಥದ್ದೇನೋ ಇದೆ. ಶಾಲೆಯಲ್ಲೂ ಕಿಟಕಿ ಗಾಜು ಒಡೆದವರು ಯಾರೆಂದು ಮೇಷ್ಟ್ರು ನನ್ನನ್ನೇ ಕೇಳುತ್ತಿದ್ದರು.

"ನೀ ಹೇಳವ್ವ. ಯಾರಿಗೆ ಮಾರ್ತೀರಿ?"

"ಯಾರಿಗೂ ಇಲ್ರಿ. ಸಂಜಿಗೆ ಹೊಳ್ಳಿ ತರ್ತೀವಿ."

"ಹಂಗಾರ ಯಾಕ ಒಯ್ತೀರಿ?"

"ಅದು ಇಲ್ಲಂದ್ರ ನಾವು ಯಾರಂತ ಗೊತ್ತಾಗೂದಿಲ್ಲಂತರಿ."

ಸಾಹೇಬರು ಕೋಪಿಸಿಕೊಳ್ಳಲಿಲ್ಲ. ತಾಳ್ಮೆಯಿಂದ ಕಾನೂನು ತಿಳಿಸಿದರು: ಸರಕು ನಿಜವಾಗಿಯೂ ಮಾರುವ ಸರಕೇ ಆಗಿದ್ದರೂ, ಅದರ ಮಾಲೀಕರು ಹಿಂದೆ ಸರಕಿನ ಮೇಲೆ ಕೂರುವಂತಿಲ್ಲ, ಮುಂದೆ ಡ್ರೈವರನ ಪಕ್ಕದ ಸೀಟಿನಲ್ಲೇ ಕೂರಬೇಕು. ನಮ್ಮ ಗುಂಪಿನಲ್ಲಿ ಹನ್ನೆರಡು ಜನ ಮಾಲೀಕರಿದ್ದೆವು. ಉಮರಸಾಬರ ಪಕ್ಕದಲ್ಲಿ ಒಬ್ಬರು ಕೂರಬಹುದು, ತೆಳ್ಳಗಿನವರಾದರೆ ಇಬ್ಬರು.

ಆಮೇಲೆ ನಡೆದದ್ದನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ. ನಮ್ಮ ಸುರಕ್ಷತೆಯ ದೃಷ್ಟಿಯಿಂದ ನಮ್ಮನ್ನು ಅಲ್ಲೇ ರಸ್ತೆಯಲ್ಲಿ ಇಳಿಸಲಾಯಿತು. ಲಾರಿಯನ್ನು ಠಾಣೆಯ ಆವರಣಕ್ಕೆ ಒಯ್ಯಲಾಯಿತು. ಹೊಟ್ಟಿನ ಚೀಲಗಳು ಸರಕಾದ್ದರಿಂದ ಲಾರಿಯಲ್ಲೇ, ಯಾವ ಕುಂದೂ ಇಲ್ಲದೆ, ಪೊಲೀಸರ ಬೆಂಗಾವಲಿನಲ್ಲಿ ಹೋದವು. ನಾವು ಪ್ರಯಾಣಿಕರಾದ್ದರಿಂದ ಊರ ಕಡೆ ನಡೆದೆವು. ಅದೇ ರಸ್ತೆಯಲ್ಲಿ, ಓಡುವ ಲಾರಿಗಳ ಮಗ್ಗುಲಿಗೆ, ದೊಡ್ಡವ್ವ ಕುಂಟುತ್ತಾ ನಡೆದಳು. ಹಿಡಿದುಕೊಳ್ಳಲು ಹಗ್ಗವಿಲ್ಲದ್ದರಿಂದ ನನ್ನ ಕೈ ಹಿಡಿದುಕೊಂಡಿದ್ದಳು. ಮಾತಾಡುವ ಕೆಲಸವನ್ನು ಉಳಿದವರು ವಹಿಸಿಕೊಂಡಿದ್ದರು. "ಊರಾಗಿನ ಗಾಡಿಗೆಲ್ಲಾ ಬ್ರೇಕ್ ಅದಾವು, ನಿನ್ನ ನಾಲಿಗಿಗೊಂದು ಹಾಕಿಸ್ಕೊಳಾಕ ಆಗವಲ್ದೇನಲೇ?" ಎಂದಳು ಶೇಖರಮ್ಮ. ಉಮರಸಾಬರು ಬೈಯಲೂ ಇಲ್ಲ. "ನೋಡವಾ, ನಿನ್ನ ಖರೇ ಮಾತಿಗೆ ನನ್ನ ಗಾಡಿಗೆ ಸ್ಟೇಷನ್ನಿನ್ಯಾಗ ಛಲೋ ನೆರಳು ಸಿಕ್ತು" ಎಂದು ಮರುದಿನ ಊರಿಗೆ ಬಂದು ಹೇಳಿ ಹೋದರು.

ದಂಡ ಕಟ್ಟಿ ಲಾರಿ ಬಿಡಿಸಿಕೊಂಡ ಮೇಲೆ, ಗುಂಪು ಮತ್ತೆ ತಮ್ಮ ಬುಡದಲ್ಲಿ ಸೇರತೊಡಗಿತು. ಸೇರದವರು ಇಬ್ಬರೇ. ನನ್ನನ್ನು ಹತ್ತಿಸಬಾರದೆಂದು ಎಲ್ಲರೂ ಕೂಡಿ ತೀರ್ಮಾನಿಸಿದ್ದರು. "ನಿನ್ನ ಮ್ಯಾಲೆ ಸಿಟ್ಟಿಲ್ಲಲೇ ಮಹೇಶಿ. ಆದ್ರ ಮತ್ತ ಯಾರರೆ ಕೇಳಿದ್ರ ನೀ ಮತ್ತ ಹೇಳಾಕಿನ" ಎಂದಳು ಶೇಖರಮ್ಮ. ಅದು ನಿಜ. ಎರಡನೆಯವಳು ದೊಡ್ಡವ್ವ. ಅವಳನ್ನು ಯಾರೂ ಬೇಡವೆನ್ನಲಿಲ್ಲ. ಶೇಖರಮ್ಮ ಮನೆಗೇ ಬಂದು ಕರೆದಳು. ದೊಡ್ಡವ್ವ ಮೂಲೆಯಲ್ಲಿದ್ದ ತನ್ನ ಚೀಲ ತೋರಿಸಿ, "ಅದು ಸುಳ್ಳು ಅಂತ ನನ್ನ ಮಗಳೇ ಸಾಹೇಬ್ರ ಮುಂದ ಹೇಳ್ಯಾಳ. ಇನ್ನ ಅದನ್ನ ಹೊತ್ಕೊಂಡು ಹೋದ್ರ ನಾ ಯಾರಾಗ್ಲಿ?" ಎಂದಳು. ಚೀಲವಿಲ್ಲದೆ ಅವಳು ಲಾರಿ ಹತ್ತುವವಳಲ್ಲ. ಸುಳ್ಳಾದ ಚೀಲದೊಡನೆಯೂ ಹತ್ತುವವಳಲ್ಲ. ಗದ್ದೆಯಲ್ಲಿ ಬಗ್ಗಿದರೆ ಅವಳ ಕುಂಟು ಯಾರಿಗೂ ಕಾಣುವುದಿಲ್ಲ. ಕೆಸರಿನಲ್ಲಿ ಎಲ್ಲರೂ ಒಂದೇ ಥರ ಕಾಲೆತ್ತಿ ಇಡುತ್ತಾರೆ. ವರ್ಷದಲ್ಲಿ ಅವಳು ಎಲ್ಲರ ಹಾಗೆ ನಡೆಯುವುದು ಆ ಹಂಗಾಮಿನಲ್ಲಿ ಮಾತ್ರ. ಅದನ್ನು ನಾನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದೆ.

ಹೇಳಿದ ಮಾತನ್ನು ಹಿಂದಕ್ಕೆ ಪಡೆಯಲು ನನಗೆ ಬರುವುದಿಲ್ಲ. ಆದ್ದರಿಂದ ಚೀಲವನ್ನೇ ನಿಜ ಮಾಡುವುದೆಂದು ತೀರ್ಮಾನಿಸಿದೆ. ನಾವು ನಾಟಿ ಮಾಡುವ ಕ್ಯಾಂಪಿನಲ್ಲಿ ದುರ್ಗಾದೇವಿ ಎಂಬ ಗದ್ದೆಯೊಡತಿ ಎಮ್ಮೆ ಸಾಕಿಕೊಂಡಿದ್ದಾರೆ. ಅವರ ಹಿರಿಯರು ಕಾಲುವೆ ಬಂದ ಕಾಲದಲ್ಲಿ ಆಂಧ್ರದಿಂದ ಬಂದವರು, ಅವರ ಮನೆಯಲ್ಲಿ ಎಮ್ಮೆಗಳಿಗೆ ಇಂದಿಗೂ ಗೇದೆಲು ಎನ್ನುತ್ತಾರೆ. ಅವರಿಗೆ ಫೋನು ಮಾಡಿ, ಶೇಂಗಾ ಹೊಟ್ಟು ಬೇಕೇ ಎಂದು ಕೇಳಿದೆ. "ತಗೊಂಡ್ ಬಾರಮ್ಮಾ, ನಮ್ಮ ಗೇದೆಲು ಭತ್ತದ ಹುಲ್ಲು ತಿಂದೂ ತಿಂದೂ ಮೂತಿ ತಿರುವ್ತಾವೆ. ಎರಡು ವರ್ಷದಿಂದ ಕಣ್ಣೆದುರೇ ತಂದು ವಾಪಸ್ ಒಯ್ತಿದ್ರಿ, ಮಾರೋದಿಲ್ಲೇನೋ ಅಂದ್ಕೊಂಡಿದ್ದೆ" ಎಂದರು. ಮಾನ್ಯರೇ, ಎರಡು ಹಂಗಾಮು ಒಂದು ಬದುವಿನ ಮೇಲೆ ಕೊಳ್ಳುವವರೂ ಸರಕೂ ಎದುರುಬದುರು ಕೂತಿದ್ದರೂ, ಸುಳ್ಳು ಹೇಳುವುದರಲ್ಲಿ ಮುಳುಗಿದ್ದ ನಮಗೆ ಮಾರಾಟ ಮಾಡುವುದು ಹೊಳೆದಿರಲಿಲ್ಲ.

ಆ ಹಳೆಯ ಹೊಟ್ಟು ನಾವು ಕೂತೂ ಕೂತೂ ಪುಡಿಯಾಗಿದೆ, ಎಮ್ಮೆ ಮೂಸಲಿಕ್ಕಿಲ್ಲ ಎಂದು ಅವರಿಗೆ ಹೇಳುವುದನ್ನೂ ನಾನು ಮರೆಯಲಿಲ್ಲ. ಹೊಸ ಹೊಟ್ಟು ತುಂಬಬೇಕಾಯಿತು. ಹಳೆಯದನ್ನು ನಿನ್ನೆ ಸಂಜೆ ತಮ್ಮ ಪಾದಗಳ ಬಳಿ ಸುರಿದಿದ್ದೇನೆ. ಇಂದು ಬೆಳಿಗ್ಗೆ ನೋಡಿದರೆ ಕುರಿಗಳು ತಮ್ಮ ಸುತ್ತ ನಿಂತು ಮೇಯುತ್ತಿದ್ದವು. ತಮ್ಮ ಮಾತನ್ನು ಇಷ್ಟು ಜನ ಹತ್ತಿರ ನಿಂತು ಕೇಳಿದ್ದು ಇದೇ ಮೊದಲಿರಬೇಕು.

ಈಗ ತಮ್ಮಲ್ಲಿ ನನ್ನ ವಿನಂತಿ. ಕುರಿಗಳನ್ನು ಲಾರಿಯಲ್ಲಿ ಒಯ್ಯುವಾಗ ಕೆಳಗೆ ಹುಲ್ಲು ಹಾಸಬೇಕು, ಇಕ್ಕಟ್ಟಾಗದಂತೆ ನಿಲ್ಲಿಸಬೇಕು, ದಾರಿಯಲ್ಲಿ ನೀರು ಕೊಡಬೇಕು ಎಂಬ ನಿಯಮಗಳಿವೆಯೆಂದು ಕೇಳಿದ್ದೇನೆ. ನಾಟಿಯ ಹಂಗಾಮು ಮುಗಿಯುವವರೆಗೆ ಮಾತ್ರ ನಮ್ಮ ಗುಂಪನ್ನು ಕುರಿಗಳೆಂದು ಪರಿಗಣಿಸಲು ಸಾಧ್ಯವೇ ಎಂದು ತಾವು ಮೇಲಿನವರನ್ನು ವಿಚಾರಿಸಬೇಕು. ನೀರನ್ನು ನಾವೇ ತಂದುಕೊಳ್ಳುತ್ತೇವೆ. ಅದು ಕಷ್ಟವೆನಿಸಿದರೆ, ಸರಕಿನ ಮಾಲೀಕರು ಡ್ರೈವರನ ಪಕ್ಕದಲ್ಲೇ ಕೂರಬೇಕೆಂಬ ನಿಯಮವನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವಾದ್ದರಿಂದ, ಹನ್ನೆರಡು ಜನ ಮಾಲೀಕರು ಕೂರುವಷ್ಟು ಉದ್ದದ ಕ್ಯಾಬಿನ್ ಇರುವ ಒಂದು ವಾಹನವನ್ನು ಒದಗಿಸಬೇಕು. ಅದಕ್ಕೆ ಎರಡೂ ಕಡೆ ಕಿಟಕಿಗಳು, ಹತ್ತಲು ಮೆಟ್ಟಿಲು, ಹಿಡಿದುಕೊಳ್ಳಲು ಸರಳು, ಮುಂದೆ ಹೋಗುವ ಊರಿನ ಹೆಸರು ಇದ್ದರೆ ಅನುಕೂಲ. ಇಂಥ ವಾಹನವೊಂದು ಈಗಾಗಲೇ ಇದೆ, ಬೆಳಿಗ್ಗೆ ತಮ್ಮ ಮುಂದೆಯೇ ಹಾದುಹೋಗುತ್ತದೆ. ನಿಲ್ಲುವುದಿಲ್ಲ. ಇಲ್ಲಿ ಸ್ಟಾಪ್ ಇಲ್ಲವೆನ್ನುತ್ತಾರೆ. ಸ್ಟಾಪ್ ಎಂದು ಬರೆದ ಫಲಕವಿಲ್ಲವಂತೆ. ಈ ಕ್ರಾಸಿಗೆ ಬಂದ ಫಲಕ ತಾವೊಬ್ಬರೇ. ತಮ್ಮ ಹಿಂಬದಿ ಪೂರ್ತಿ ಖಾಲಿಯಿದೆ. ಅಲ್ಲಿ ಆ ಒಂದು ಪದ ಬರೆಯಿಸಿಕೊಳ್ಳಲು ತಮ್ಮ ಅಭ್ಯಂತರವಿಲ್ಲವೆಂದು ಭಾವಿಸಲೇ?

ಉತ್ತರ ಬರುವವರೆಗೆ ಸಸಿಗಳು ಕಾಯುವುದಿಲ್ಲವಾದ್ದರಿಂದ ನಾವು ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ದೊಡ್ಡವ್ವ ಈಗ ಕೊಳ್ಳುವವರಿರುವ ಸರಕಿನ ಮಾಲೀಕಳು. ಆದ್ದರಿಂದ ಸಾಹೇಬರು ಹೇಳಿದ ಕಾನೂನಿನಂತೆ ಅವಳು ನಾಳೆ ಮುಂದೆ, ಉಮರಸಾಬರ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಇಷ್ಟು ವರ್ಷ ಲಾರಿಯಲ್ಲಿ ತಿರುಗಿದವಳು ಆ ಬಾಗಿಲನ್ನು ಒಮ್ಮೆಯೂ ತೆರೆದಿರಲಿಲ್ಲ. ಅಲ್ಲಿ ಹಗ್ಗವಿಲ್ಲವೆಂದು ತಿಳಿದು, ಹಿಂದಿನ ಹಗ್ಗದಿಂದ ಒಂದು ಗೇಣು ಕತ್ತರಿಸಿಕೊಡಲು ಕೇಳಿದಳು. ಉಮರಸಾಬರು "ಬೇಕಂದ್ರ ಸ್ಟೇರಿಂಗ್ ಹಿಡ್ಕೊಳವಾ" ಎಂದು ನಕ್ಕು, ಕತ್ತರಿಸಿಕೊಟ್ಟರು. ಆ ತುಂಡು ಈಗ ಅವಳ ಬುತ್ತಿಯ ಗಂಟಿನಲ್ಲಿದೆ.

ಶೇಖರಮ್ಮ ಮತ್ತು ಉಳಿದವರು ತಮ್ಮ ತಮ್ಮ ಚೀಲಗಳೊಂದಿಗೆ ಎಂದಿನಂತೆ ಹಿಂದೆ ಕೂರುತ್ತಾರೆ. ಈ ಪತ್ರದಲ್ಲಿ ಅದನ್ನು ಬರೆಯಬಾರದೆಂದು ಅವರು ಹೇಳಿದ್ದರು. ನಾನು ಒಪ್ಪಿರಲಿಲ್ಲ.

ಹಗಲಿಗೆ ಕಾವಲಾಗಿ, ಇರುಳಿಗೆ ಒಂಟಿಯಾಗಿ ನಿಂತಿರುವ ತಮಗೆ ಮತ್ತೊಮ್ಮೆ ನಮಸ್ಕರಿಸುತ್ತಾ,

ತಮ್ಮ ವಿಶ್ವಾಸಿ,
ಮಹೇಶ್ವರಿ, ಗಾಳೆಮ್ಮನ ಮಗಳು

ಮರೆತ ಮಾತು: ತಾವು ನಿಂತ ದಿನದಿಂದ ಇಂದಿನವರೆಗೆ ತಮ್ಮ ವಾಕ್ಯವನ್ನು ಓದಿ ಪಾಲಿಸಿದವರು ಈ ಊರಿನಲ್ಲಿ ಒಬ್ಬರೂ ಇರಲಿಲ್ಲ. ನಾಳೆ ಒಬ್ಬಳು ಸಿಗುತ್ತಾಳೆ. ಗುಂಪು ನನ್ನನ್ನು ಹತ್ತಿಸುವುದಿಲ್ಲ, ಬಸ್ಸು ಇಲ್ಲಿ ನಿಲ್ಲುವುದಿಲ್ಲ. ಕ್ಯಾಂಪಿನಲ್ಲಿ ಚೀಲಗಳನ್ನು ಇಳಿಸಿಕೊಳ್ಳಲು ಆಳು ಬೇಕೆಂದು ದುರ್ಗಾದೇವಿಯವರು ಹೇಳಿದ್ದಾರೆ, ಎಮ್ಮೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹಂಗಾಮು ಮುಗಿಯುವವರೆಗೆ ಇರಬಹುದೆಂದಿದ್ದಾರೆ. ಲಾರಿ ಅಲ್ಲಿಗೆ ಬಂದು ನಿಂತಾಗ ದೊಡ್ಡವ್ವನ ಬೆರಳು ಬಿಡಿಸಲೂ ಯಾರಾದರೂ ಇರಬೇಕು. ಕೊಪ್ಪಳದಿಂದ ಗಂಗಾವತಿಗೆ ಬಸ್ಸುಗಳಿವೆ. ಕೊಪ್ಪಳದವರೆಗೆ ನಡೆಯಬೇಕು. ನಾಳೆ ಬೆಳಗಿನ ಜಾವ ಹೊರಡುತ್ತೇನೆ.